ಬೆಣ್ಣೆ ಸುತ್ತಿದ್ದ ಕಾಗದ

ಅಡುಗೆಮನೆಯ ಕಟ್ಟೆಯ ಮೇಲೆ ನಾಲ್ಕಾಗಿ ಮಡಚಿದ ಬೆಳ್ಳಿಬಣ್ಣದ ಕಾಗದವೊಂದು ಬಿದ್ದಿತ್ತು. ಅದನ್ನು ಮುಟ್ಟಿದ ಬೆರಳನ್ನು ಮೂರು ಸಲ ಸೋಪು ಹಾಕಿ ತೊಳೆದಿದ್ದೆ, ಆದರೂ ಜಿಡ್ಡು ಹೋಗಿಲ್ಲ ಅನ್ನಿಸುತ್ತಿತ್ತು. ಅಂಗಡಿಯಲ್ಲಿ ಬೆಣ್ಣೆ ಸುತ್ತಿ ಮಾರುತ್ತಾರಲ್ಲ, ಆ ಕಾಗದ. ನಾಲ್ಕು ವರ್ಷದಿಂದ ನಮ್ಮ ಮನೆಯೊಳಗೆ ಬೆಣ್ಣೆ ಕಾಲಿಟ್ಟಿಲ್ಲ. ಫ್ರಿಜ್ಜಿನೊಳಗೆ ಒಂದು ಟ್ರೇ ತುಂಬ ಬರ್ಫಿಯಂಥ ಚಾಕೊಲೇಟ್ ಫಡ್ಜ್ ಗಟ್ಟಿಯಾಗಿ ಕೂತಿತ್ತು. ಆಗ ಗಂಟೆ ಒಂದು. ಮೂರೂಕಾಲಿಗೆ ಶಾಲೆಯ ವ್ಯಾನು ಬರುತ್ತದೆ, ಪುಟ್ಟಿ ಇಳಿಯುತ್ತಾಳೆ, ಬೂಟು ಬಿಚ್ಚುವ ಮೊದಲೇ ಫ್ರಿಜ್ಜಿನ ಬಾಗಿಲಿಗೆ ಕೈ ಹಾಕುತ್ತಾಳೆ. ಇವತ್ತು ಒಂದು ಚೂರು, ನಾಳೆ ಹುಟ್ಟುಹಬ್ಬಕ್ಕೆ ಬೇಕಾದಷ್ಟು ಎಂದು ನಾನೇ ಮಾತು ಕೊಟ್ಟಿದ್ದೆ.

ಪುಟ್ಟಿಗೆ ಹಾಲು ಆಗದು. ಒಂದೂಕಾಲು ವರ್ಷದವಳಿದ್ದಾಗ ಯಾರೋ ಪ್ರೀತಿಯಿಂದ ಒಂದು ಬಿಸ್ಕತ್ತು ಕೊಟ್ಟರು. ಹತ್ತು ನಿಮಿಷದಲ್ಲಿ ತುಟಿ ಊದಿತು, ಉಸಿರಿನಲ್ಲಿ ಶಿಳ್ಳೆಯಂಥ ಸದ್ದು ಶುರುವಾಯಿತು. ಆಸ್ಪತ್ರೆಯ ಓಣಿಯಲ್ಲಿ ಅವಳನ್ನು ಎತ್ತಿಕೊಂಡು ಓಡಿದ್ದು, ಒಂದು ಚಪ್ಪಲಿ ಎಲ್ಲೋ ಕಳಚಿಬಿದ್ದದ್ದು, ಡಾಕ್ಟರು ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದ್ದು, ಎಲ್ಲ ನಿನ್ನೆಯದು ಅನ್ನುವಂತೆ ಕಣ್ಣಿಗೆ ಕಟ್ಟಿದೆ. ಅವತ್ತಿನಿಂದ ಚುಚ್ಚುಮದ್ದಿನ ಡಬ್ಬಿ ಇಲ್ಲದೆ ಹೊಸಿಲು ದಾಟಿದವಳಲ್ಲ ನಾನು. ಮೊದಲೇ ನನ್ನದು ವಿಮಾ ಕಚೇರಿಯ ಕೆಲಸ. ದಿನವಿಡೀ ಬೇರೆಯವರ ಅಪಘಾತದ ಅರ್ಜಿ ಓದುವವಳಿಗೆ ಜಗತ್ತಿನಲ್ಲಿ ನೆಟ್ಟಗಿರುವ ಮೆಟ್ಟಿಲು ಒಂದೂ ಕಾಣಿಸುವುದಿಲ್ಲ.

ಆ ಕಾಗದ ಸಿಕ್ಕಿದ್ದು ಬೇಕರಿ ಅಕ್ಕನ ಬಟ್ಟೆಚೀಲದ ತಳದಲ್ಲಿ. ಅಕ್ಕ ಕೆಳಗಿನ ಮನೆಯವರು. ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಗ್ಯಾಸಿನವನಿಂದ ಹಿಡಿದು ಮನೆ ಮಾಲೀಕರವರೆಗೆ ಎಲ್ಲರಿಗೂ ಬೇಕರಿ ಅಕ್ಕನೇ. ಹದಿನೇಳನೇ ವಯಸ್ಸಿಗೆ ಬೇಕರಿಯಲ್ಲಿ ಟ್ರೇ ತೊಳೆಯುವ ಕೆಲಸಕ್ಕೆ ಸೇರಿ, ಬ್ರೆಡ್ಡು ಬೇಯಿಸುತ್ತಿದ್ದ ಹಿರಿಯ ಮಾಸ್ತರರು ಹಾಸಿಗೆ ಹಿಡಿದ ಮೇಲೆ ಒಲೆಯ ಮುಂದೆ ನಿಂತವರು, ಮೂವತ್ತೊಂದು ವರ್ಷ ಅಲ್ಲಿಂದ ಕದಲಲಿಲ್ಲ. ಎರಡೂ ಮೊಣಕೈ ಕೆಳಗೆ ಒಲೆಯ ಬಾಗಿಲು ತಾಗಿದ ಗೆರೆಗಳು, ಏಣಿಯ ಮೆಟ್ಟಿಲಿನ ಹಾಗೆ. ಮದುವೆ ಆಗಲಿಲ್ಲವಾ ಎಂದು ಯಾರಾದರೂ ಕೆದಕಿದರೆ, ಬೆಳಗಿನ ಜಾವ ಮೂರಕ್ಕೆ ಏಳೋ ಹೆಂಡತಿ ಯಾರಿಗೆ ಬೇಕು ಎಂದು ನಕ್ಕುಬಿಡುತ್ತಾರೆ.

ಅವರ ಕೈಯಲ್ಲಿ ಒಂದು ಪದಾರ್ಥವೂ ಹಾಳಾಗುವುದಿಲ್ಲ. ಪೊಟ್ಟಣ ಕಟ್ಟಿದ ದಾರ ಉಂಡೆಯಾಗುತ್ತದೆ, ಹಿಟ್ಟಿನ ಚೀಲ ಒರೆಸುವ ಬಟ್ಟೆಯಾಗುತ್ತದೆ. ಬೆಣ್ಣೆ ಸುತ್ತಿದ ಕಾಗದವನ್ನು ಎಸೆಯದೆ ಮಡಚಿಟ್ಟು, ಅದರಿಂದಲೇ ಟ್ರೇ ಸವರುವುದು ಅವರ ಬೇಕರಿಯ ಪದ್ಧತಿಯಂತೆ. ಕಾಗದಕ್ಕೆ ಅಂಟಿದ್ದೂ ಬೆಣ್ಣೆಯೇ ಅಲ್ಲವಾ ಎಂದು ಮಾಸ್ತರರು ಕಲಿಸಿದ್ದಂತೆ. ಇದನ್ನು ಅಕ್ಕ ಯಾವಾಗಲೋ ನಗುತ್ತ ಹೇಳಿದ್ದರು, ನಾನೂ ನಕ್ಕಿದ್ದೆ.

ಹಾಗಂತ ಅವರು ಉಡಾಫೆಯವರಲ್ಲ. ಶಾಲೆ ಬಿಟ್ಟ ಮೇಲೆ ನಾನು ಕಚೇರಿಯಿಂದ ಬರುವವರೆಗೆ, ಐದೂವರೆ ತನಕ, ಪುಟ್ಟಿ ಇರುವುದು ಅವರ ಮನೆಯಲ್ಲೇ. ಅವಳು ಬರತೊಡಗಿದ ದಿನದಿಂದ ಅಕ್ಕ ಹಾಲಿನ ಪಾತ್ರೆಯನ್ನು ಮೇಲಿನ ಕಪಾಟಿಗೆ ಏರಿಸಿ, ತಾವು ಬರೀ ಕಪ್ಪು ಚಹಾ ಕುಡಿಯತೊಡಗಿದರು. ನನ್ನ ಭಯಕ್ಕೆ ನಗದೆ ಇದ್ದವರು ಅವರೊಬ್ಬರೇ. ನಮ್ಮ ಮನೆಯವರಂತೂ ನನ್ನನ್ನು ಇನ್‌ಸ್ಪೆಕ್ಟರ್ ಎಂದೇ ಕರೆಯುವುದು.

ತರಗತಿಯಲ್ಲಿ ಯಾರ ಹುಟ್ಟುಹಬ್ಬವಾದರೂ ಪುಟ್ಟಿ ತನ್ನ ಪಾಲಿನ ಕೇಕಿನ ಚೂರನ್ನು ಕರವಸ್ತ್ರದಲ್ಲಿ ಕಟ್ಟಿ ತಂದು ನನಗೆ ಕೊಡುತ್ತಾಳೆ. ಈ ಸಲ ತನ್ನ ಹುಟ್ಟುಹಬ್ಬಕ್ಕೆ ತಾನೂ ತಿನ್ನುವಂಥದ್ದನ್ನೇ ಹಂಚಬೇಕು ಎಂದು ಅಕ್ಕನ ಹತ್ತಿರ ಹೇಳಿಕೊಂಡಳಂತೆ. ಹಾಲಿಲ್ಲದ ಫಡ್ಜ್ ಏನು ಮಹಾ, ಅರ್ಧ ಗಂಟೆ ಕೆಲಸ ಎಂದು ಅಕ್ಕ ಒಪ್ಪಿಕೊಂಡರು. ನನ್ನ ಅಡುಗೆಮನೆಯಲ್ಲೇ ಆಗಬೇಕು, ನನ್ನ ಪಾತ್ರೆಯಲ್ಲೇ ಆಗಬೇಕು ಎಂದೆ. ಅದಕ್ಕೂ ಹೂಂ ಅಂದರು. ಟ್ರೇ ಮಾತ್ರ ನಮ್ಮಲ್ಲಿರಲಿಲ್ಲ. ಕೆಲಸ ಬಿಡುವಾಗ ಬೇಕರಿಯವರು ಕೊಟ್ಟಿದ್ದ ಚೌಕದ ಟ್ರೇಯನ್ನು ನಿನ್ನೆ ಬೆಳಿಗ್ಗೆ ಆ ಬಟ್ಟೆಚೀಲದಲ್ಲಿ ತಂದರು. ಅವರೆದುರಿಗೇ ಅದನ್ನು ಎರಡು ಸಲ ತಿಕ್ಕಿ ತೊಳೆದೆ. ಅವರು ಗೋಡೆ ಕಡೆ ನೋಡುತ್ತ ನಿಂತಿದ್ದರು.

ತೆಂಗಿನಕಾಯಿಯ ಗಟ್ಟಿ ಹಾಲು, ಸಕ್ಕರೆ, ಕೋಕೋ ಪುಡಿ, ಕೊಬ್ಬರಿ ಎಣ್ಣೆ, ಚಿಟಿಕೆ ಉಪ್ಪು. ಒಂದೊಂದು ಡಬ್ಬದ ಹಿಂದಿನ ಇರುವೆಸಾಲಿನಂಥ ಅಕ್ಷರಗಳನ್ನು ಫೋನಿನಲ್ಲಿ ದೊಡ್ಡದು ಮಾಡಿ ಓದಿದೆ. ತೆಂಗಿನ ಹಾಲೂ ಸಕ್ಕರೆಯೂ ಕುದಿದು ದಪ್ಪವಾದಾಗ ಅಕ್ಕ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉರುಳಿಸಿದರು. ಮೆತ್ತಗಿನ ಉಂಡೆಯಾಯಿತು. ಕೆಳಗಿಳಿಸಿ ಕೋಕೋ, ಎಣ್ಣೆ, ಉಪ್ಪು ಹಾಕಿ, ಹೊಳಪು ಮಾಸುವವರೆಗೆ ತಿರುವಿದರು. ಸವರಲೆಂದು ನಾನು ಬಟ್ಟಲಲ್ಲಿ ಬೇರೆಯಾಗಿ ಕೊಬ್ಬರಿ ಎಣ್ಣೆ ಇಟ್ಟಿದ್ದೆ. ಅಷ್ಟರಲ್ಲಿ ಪುಟ್ಟಿ ಬಾಗಿಲಲ್ಲಿ ನಿಂತು, ತರಗತಿಯ ಎಲ್ಲರಿಗೂ ಸಾಕಾಗುತ್ತಾ ಎಂದು ಕೇಳಿದಳು. ಬಿಸಿ ಪಾತ್ರೆ ಇದೆ, ಒಳಗೆ ಬರಬೇಡ ಎಂದು ಅವಳನ್ನು ಹೊರಗೆ ಬಿಟ್ಟು ಬಂದೆ. ಅರ್ಧ ನಿಮಿಷ. ತಿರುಗಿದಾಗ ಟ್ರೇ ಪಳಪಳ ಹೊಳೆಯುತ್ತಿತ್ತು, ಅಕ್ಕ ಪಾತ್ರೆ ಎತ್ತಿ ಸುರಿಯುತ್ತಿದ್ದರು.

ಪಾತ್ರೆಯಲ್ಲಿದ್ದದ್ದರ ಮೇಲೆ ಅನುಮಾನವಿಲ್ಲ. ಪುಟ್ಟಿ ನಿನ್ನೆಯೇ ಸೌಟು ನೆಕ್ಕಿದ್ದಳು, ಏನೂ ಆಗಲಿಲ್ಲ. ಟ್ರೇಯದ್ದೇ ಭಯ. ಸಂಜೆ ಅಕ್ಕ ತಂಗಿಯ ಊರಿಗೆ ಬಸ್ಸು ಹತ್ತಿದರು. ಅವರಿಲ್ಲವೆಂದು ನಾನು ಇವತ್ತು ರಜೆ ಹಾಕಿದೆ, ಮರೆತುಹೋಗಿದ್ದ ಅವರ ಚೀಲವನ್ನು ಒಗೆಯೋಣವೆಂದು ಕೊಡವಿದೆ, ಆ ಕಾಗದ ಬಿತ್ತು. ಅದು ಹಳೆಯದೋ, ನಿನ್ನೆ ಬಳಸಿ ಮಡಚಿಟ್ಟಿದ್ದೋ? ಎಣ್ಣೆಯ ಬಟ್ಟಲನ್ನು ನೋಡಿದ್ದರೆ ತಿಳಿಯುತ್ತಿತ್ತೇನೋ. ನನ್ನ ಶುಚಿಯ ಹುಚ್ಚಿನಲ್ಲಿ ಅದನ್ನು ನಿನ್ನೆಯೇ ತೊಳೆದು ಬೋರಲು ಹಾಕಿದ್ದೆ. ಫಡ್ಜಿನ ಅಂಚನ್ನು ಕೆರೆದು ನಾಲಿಗೆಗಿಟ್ಟು ನೋಡಿದೆ. ಚಾಕೊಲೇಟು ಚಾಕೊಲೇಟಿನ ಹಾಗಿತ್ತು. ಹಾಲು ಆಗುವ ನನ್ನ ನಾಲಿಗೆ ಏನು ತಾನೇ ಹೇಳೀತು?

ಮನೆಯವರಿಗೆ ಫೋನು ಹಚ್ಚಿದೆ. ಅಕ್ಕನನ್ನೇ ಕೇಳಬಾರದಾ, ಅವರೇನು ಹುಲಿಯಾ ಎಂದರು. ಹುಲಿಯಾಗಿದ್ದರೆ ಕೇಳುತ್ತಿದ್ದೆ ಎಂದು ಇಟ್ಟುಬಿಟ್ಟೆ.

ಇಡೀ ಟ್ರೇಯನ್ನು ಕಸಕ್ಕೆ ಸುರಿದು, ತುಂಬ ಚೆನ್ನಾಗಿತ್ತು ಅಕ್ಕಾ ಎಂದು ಬಿಡಬಹುದಿತ್ತು. ಆ ವಿದ್ಯೆ ನನಗೆ ಬರುತ್ತದೆ. ನಾದಿನಿ ಮಾಡಿ ತಂದ ಕೇಕನ್ನು ಹಾಗೆಯೇ ಪೇಪರಿನಲ್ಲಿ ಸುತ್ತಿ ಎಸೆದು, ಹೊಗಳಿಬಿಟ್ಟಿದ್ದೆ. ಮುಂದಿನ ತಿಂಗಳು ಅವಳು ಅದರ ಎರಡರಷ್ಟು ತಂದಳು. ಆಗ ಏನೇನು ಹಾಕಿದ್ದೀಯ ಎಂದು ಬಿಡಿಸಿ ಬಿಡಿಸಿ ಕೇಳಿದೆ, ಅವತ್ತಿಗೆ ಅವಳು ಬರುವುದೇ ನಿಂತಿತು. ಅಕ್ಕನೂ ಹಾಗೆ ಮುಖ ತಿರುಗಿಸಿದರೆ ನನಗೆ ಬೇರೆ ದಿಕ್ಕಿಲ್ಲ. ಕೇಳದೆ ಎಸೆದರೋ, ಸೋಮವಾರ ಮೂರೂಕಾಲಿಗೆ ಪುಟ್ಟಿ ಮತ್ತೆ ಅದೇ ಮನೆಗೆ ಇಳಿಯುತ್ತಾಳೆ. ತಪ್ಪು ಮಾಡಿದ್ದು ಅಕ್ಕನ ಕೈಯಾದರೆ, ಅದು ಆ ಕೈಗೂ ಗೊತ್ತಿರುವುದಿಲ್ಲ. ಇನ್ನೊಂದು ದಿನ, ನಾನಿಲ್ಲದಾಗ, ಅದೇ ಕೈ ಇನ್ನೊಂದು ತಟ್ಟೆ ಸವರುತ್ತದೆ.

ಎರಡು ಗಂಟೆಯಾಯಿತು. ನಂಬರು ತೆಗೆದೆ, ಇಟ್ಟೆ. ನೀರು ಕುಡಿದೆ. ಮತ್ತೆ ತೆಗೆದೆ. ಮೂವತ್ತೊಂದು ವರ್ಷದಲ್ಲಿ ತಮ್ಮ ಮಾಲು ವಾಪಸು ಬಂದದ್ದು ಒಂದೇ ಸಲ ಎಂದು ಅಕ್ಕ ಹೇಳುತ್ತಿರುತ್ತಾರೆ. ಬನ್ನಿನೊಳಗೆ ಗೋಣಿಯ ನಾರು ಸಿಕ್ಕಿತೆಂದು ಒಬ್ಬ ಗಿರಾಕಿ ತಂದು ಕೌಂಟರಿನ ಮೇಲೆ ಬಿಸುಟನಂತೆ. ಅವನ ಮುಖ, ಅವನ ಅಂಗಿಯ ಕಿತ್ತ ಗುಂಡಿ ಇವತ್ತಿಗೂ ನೆನಪಿದೆ ಅನ್ನುತ್ತಾರೆ. ಅಂಥವರನ್ನು ನಾನು ಕೇಳುವುದು ಹೇಗೆ? ಆದರೆ ಆ ಕತೆಯ ಕೊನೆಗೆ ಪ್ರತಿ ಸಲವೂ ಅವರು ಇನ್ನೊಂದು ಮಾತು ಸೇರಿಸುತ್ತಾರೆ. "ತಂದು ಮುಖದ ಮೇಲೆ ಹೇಳಿದ್ನಲ್ಲ, ಅವನೇ ವಾಸಿ. ಹೇಳದೆ ಬೇರೆ ಅಂಗಡಿಗೆ ಹೋದೋರು ಎಷ್ಟು ಜನಾನೋ, ಯಾಕೆ ಹೋದ್ರೋ, ನಂಗೆ ಇವತ್ತಿಗೂ ಗೊತ್ತಿಲ್ಲ."

ಎರಡೂವರೆಗೆ ಒತ್ತಿದೆ. ಮೊದಲ ಸಲ ರಿಂಗಾಗಿ ನಿಂತಿತು. ಎರಡನೇ ಸಲ ಎತ್ತಿದರು. ಗುಂಡಿಯ ಫೋನನ್ನು ಕಿವಿಯಿಂದ ದೂರ ಹಿಡಿದು ಕೂಗುವುದು ಅವರ ರೂಢಿ.

"ಏನಮ್ಮಾ, ಪುಟ್ಟಿ ಹುಷಾರಾ?"

"ಹುಷಾರಿದ್ದಾಳೆ ಅಕ್ಕಾ. ಇನ್ನೂ ಶಾಲೆಯಿಂದ ಬಂದಿಲ್ಲ." ಕಟ್ಟೆಯ ಮೇಲಿನ ಕಾಗದವನ್ನು ನೋಡುತ್ತ ಕೇಳಿದೆ. "ನಿಮ್ಮ ಚೀಲದಲ್ಲಿ ಬೆಣ್ಣೆ ಕಾಗದ ಸಿಕ್ತು. ನಿನ್ನೆ ಟ್ರೇಗೆ ಏನು ಸವರಿದ್ರಿ?"

ಆ ಕಡೆ ಯಾರೋ ನಲ್ಲಿ ನಿಲ್ಲಿಸಿದ್ದು ಕೇಳಿಸಿತು.

"ತಾಳು, ಯೋಚಿಸ್ತೀನಿ" ಎಂದರು. ಈಗ ಕೂಗುತ್ತಿರಲಿಲ್ಲ. "ನಿನ್ನ ಎಣ್ಣೆ ಬಟ್ಟಲು ಎಡಗಡೆ ಇತ್ತು. ಪಾಕ ಗಟ್ಟಿಯಾಗ್ತಿತ್ತು. ನಾನು... ಗೊತ್ತಾಗ್ತಿಲ್ಲ ಕಣಮ್ಮಾ. ಕೈ ಚೀಲಕ್ಕೆ ಹೋಗಿರಬಹುದು. ಇಲ್ಲ ಅಂತ ಆಣೆ ಮಾಡೋಕೆ ಆಗಲ್ಲ. ಮಗು ತಿಂದಿಲ್ಲ ತಾನೆ?"

"ಇಲ್ಲ."

ಅವರು ಉಸಿರು ಬಿಟ್ಟದ್ದು ಫೋನಿನೊಳಗೆ ಗಾಳಿಯಂತೆ ಬಂತು. ನಾನು ಏನೋ ಸಮಾಧಾನ ಹೇಳಹೊರಟೆ. ಅವರು ಬಿಡಲಿಲ್ಲ.

"ಎಲ್ಲಾ ಎಸಿ. ಒಂದು ಚೂರೂ ಇಟ್ಕೋಬೇಡ. ಟ್ರೇ ನನ್ನ ಬಾಗಿಲ ಹೊರಗಿಡು. ನಾಲ್ಕರ ಬಸ್ಸು ಹಿಡಿದ್ರೆ ಆರಕ್ಕೆ ಅಲ್ಲಿರ್ತೀನಿ. ನೀನು ಹೊಸ ಟ್ರೇ ತಂದು, ಎಣ್ಣೆ ನೀನೇ ಸವರು. ನೀನು ಸವರಿ ಮುಗಿಸೋವರೆಗೂ ನಾನು ಕೈ ಹಿಂದೆ ಕಟ್ಕೊಂಡು ನಿಂತಿರ್ತೀನಿ."

"ಅಕ್ಕಾ, ಬೇಜಾರಾಯ್ತಾ?"

"ಆ ಕಾಗದ ಯಾವಾಗ ಸಿಕ್ತು ನಿಂಗೆ?"

"ಒಂದು ಗಂಟೆಗೆ."

"ಈಗ ಎರಡೂವರೆ" ಎಂದರು ಅಕ್ಕ. "ಇನ್ನೊಂದು ಸಲ ಇಷ್ಟು ಹೊತ್ತು ತಗೋಬೇಡ."