ಎದುರಾಳಿ ತಂದುಕೊಟ್ಟ ಹೆಲ್ಮೆಟ್

ಹೋದ ವರ್ಷ ನಮ್ಮ ಕಡೆ ಕಬ್ಬು ಕಡಿಯುವ ಹಂಗಾಮು ಇನ್ನೇನು ಶುರುವಾಗಬೇಕು ಅನ್ನುವಾಗಿನ ಮಾತಿದು. ಊರಲ್ಲಿ ಎಲ್ಲರೂ ಕಾರ್ಖಾನೆ ಯಾವಾಗ ಚಾಲೂ ಆಗುತ್ತದೆ, ಕಡಿಯುವವರು ಯಾವಾಗ ಬರುತ್ತಾರೆ ಎಂದು ಮಾತಾಡುತ್ತಿದ್ದರೆ, ನಾವು ಮೂವರು ಜೀಪಿನಲ್ಲಿ ಕೊಯಿಮತ್ತೂರಿನ ದಾರಿ ಹಿಡಿದಿದ್ದೆವು. ನನ್ನ ಮಗಳು ಪಲ್ಲವಿಯ ರೇಸ್ ಸೀಸನ್ನಿನ ಕೊನೆಯ ಸುತ್ತು ಅಲ್ಲಿತ್ತು.

ನಾನು ಚಿಕ್ಕೋಡಿ ತಾಲ್ಲೂಕಿನ ಕರೋಶಿಯವಳು, ಶಾಲಾ ಶಿಕ್ಷಕಿ. ನಮ್ಮ ಯಜಮಾನರು ಟ್ರ್ಯಾಕ್ಟರ್ ರಿಪೇರಿಯ ಗ್ಯಾರೇಜು ನಡೆಸುತ್ತಾರೆ. ಪಲ್ಲವಿ ಚಿಕ್ಕವಳಿದ್ದಾಗ ಅವರು ಬಿಡಿಭಾಗ ತರಲು ಕೊಲ್ಹಾಪುರಕ್ಕೆ ಹೋಗುವಾಗ ಅವಳನ್ನೂ ಕರೆದುಕೊಂಡು ಹೋಗುತ್ತಿದ್ದರು. ಒಂದು ದಿನ ಅಲ್ಲಿ ಮಕ್ಕಳು ಓಡಿಸುವ ಪುಟ್ಟ ರೇಸ್ ಗಾಡಿಯಲ್ಲಿ, ಅಂದರೆ ಕಾರ್ಟಿನಲ್ಲಿ, ಕೂರಿಸಿದರು. ಅವತ್ತು ಮನೆಗೆ ಬಂದವಳು ಊಟಕ್ಕೆ ಕೂತರೂ ತಟ್ಟೆಯನ್ನೇ ಸ್ಟೀರಿಂಗ್ ಮಾಡಿಕೊಂಡು ತಿರುಗಿಸುತ್ತಿದ್ದಳು. ಅಲ್ಲಿಂದ ಶುರುವಾದದ್ದು ಹೋದ ವರ್ಷ ಒಂದೇ ಸೀಟಿನ ರೇಸ್ ಕಾರಿನ ಜೂನಿಯರ್ ಚಾಂಪಿಯನ್‌ಷಿಪ್ಪಿನವರೆಗೆ ಬಂದು ನಿಂತಿತ್ತು.

ಆ ಕಾರು ನೋಡಿದವರಿಗೆ ಗೊತ್ತು. ಮೇಲೆ ಛಾವಣಿ ಇಲ್ಲ, ನಾಲ್ಕೂ ಗಾಲಿ ಹೊರಗೇ ಇರುತ್ತವೆ. ಓಡಿಸುವವರು ನೆಲಕ್ಕೆ ಬೆನ್ನು ತಾಗಿಸಿ ಮಲಗಿದ ಹಾಗೆ ಕೂರಬೇಕು. ತಿರುವಿನಲ್ಲಿ ತಲೆಯನ್ನು ಯಾರೋ ಪಕ್ಕಕ್ಕೆ ಹಿಡಿದು ಎಳೆದ ಹಾಗಾಗುತ್ತದಂತೆ. ಅದಕ್ಕೆ ಕುತ್ತಿಗೆ ಗಟ್ಟಿಯಾಗಬೇಕು. ದಿನಾ ಮುಂಜಾನೆ ನಮ್ಮ ಯಜಮಾನರು ಅವಳ ಹೆಲ್ಮೆಟ್ಟಿಗೆ ಸೈಕಲ್ ಟ್ಯೂಬು ಕಟ್ಟಿ ಒಂದು ಕಡೆಗೆ ಎಳೆಯುವುದು, ಅವಳು ತಲೆ ನೆಟ್ಟಗೆ ಹಿಡಿದು ಕೂರುವುದು ನಡೆಯುತ್ತಿತ್ತು. ಹಾಲು ತರಲು ಬರುತ್ತಿದ್ದ ಓಣಿಯ ಹೆಂಗಸರು ನಿಂತು ನೋಡಿ, “ಅಕ್ಕೋರ, ಹುಡುಗಿ ಕುತ್ತಿಗಿ ಮುರೀತೀರಿ ನೀವು” ಎಂದು ಬೈದು ಹೋಗುತ್ತಿದ್ದರು.

ಸೀಸನ್ನಿನ ಮೊದಲ ರೇಸಿನಲ್ಲೇ ಪಲ್ಲವಿಯ ಕಾರು ಆರಂಭದ ಗೆರೆಯ ಮೇಲೆ ಬಂದ್ ಬಿದ್ದಿತು. ಎಲ್ಲರೂ ಹೋದ ಮೇಲೆ ಕೊನೆಯವಳಾಗಿ ಹೊರಟಳು. ಎರಡನೇ ಸುತ್ತು ಚೆನ್ನೈ ಹತ್ತಿರದ ಟ್ರ್ಯಾಕಿನಲ್ಲಿ, ಸುರಿಯುವ ಮಳೆಯಲ್ಲಿ. ದೊಡ್ಡ ದೊಡ್ಡ ಊರಿನ ಹುಡುಗರು ಜಾರಿ ಹುಲ್ಲಿಗೆ ಇಳಿಯುತ್ತಿದ್ದರೆ ಇವಳು ನಿಧಾನಕ್ಕೆ ಒಬ್ಬೊಬ್ಬರನ್ನೇ ದಾಟಿ ಎರಡನೆಯವಳಾಗಿ ಬಂದಳು. “ಮಳಿಯಾಗ ಹೆಂಗ ಓಡಿಸಿದಿ?” ಎಂದು ಅಪ್ಪ ಕೇಳಿದರೆ, “ಕಬ್ಬಿನ ಹೊಲದಾಗಿನ ಕೆಸರಾಗ ಟ್ರ್ಯಾಕ್ಟರ್ ಹೊಡ್ದೀನಲ್ಲ, ಅಪ್ಪಾ. ಗಾಡಿ ಜಾರೂಮುಂದ ಮೊದಲ ಕುಂಡಿಗೇ ಗೊತ್ತಾಗತೈತಿ” ಅಂದಳು. ಮುಂದೆ ಒಂದು ರೇಸ್ ಗೆದ್ದಳು, ಮತ್ತೊಂದನ್ನೂ ಗೆದ್ದಳು.

ಆದರೆ ಅಂಕಗಳಲ್ಲಿ ಅವಳಿಗಿಂತ ಸ್ವಲ್ಪ ಮುಂದೆ ಒಬ್ಬ ಇದ್ದೇ ಇರುತ್ತಿದ್ದ. ಅವನು ಸನ್ಮತಿ, ಕಾಗವಾಡ ಕಡೆಯ ದ್ರಾಕ್ಷಿ ತೋಟದವರ ಮಗ, ಪಲ್ಲವಿಗಿಂತ ಒಂದು ವರ್ಷ ದೊಡ್ಡವನು. ಇಬ್ಬರೂ ಕೊಲ್ಹಾಪುರದ ಅದೇ ಟ್ರ್ಯಾಕಿನಲ್ಲಿ ಕಲಿತವರು. ಹಿಂದೊಮ್ಮೆ ಅಲ್ಲಿ ಇಬ್ಬರ ಗಾಡಿಗಳೂ ಡಿಕ್ಕಿಯಾಗಿ, ತಪ್ಪು ಯಾರದು ಎಂದು ಅವನ ಅಪ್ಪನಿಗೂ ನಮ್ಮ ಯಜಮಾನರಿಗೂ ಜೋರು ಜಗಳವಾಗಿತ್ತು. ಅಂದಿನಿಂದ ಎರಡು ಮನೆಯವರಿಗೂ ಮಾತಿರಲಿಲ್ಲ. ಈ ಸೀಸನ್ನಿಗೆ ಸನ್ಮತಿಯ ಜೊತೆ ಅವನ ಅಜ್ಜ ನೇಮಣ್ಣ ಬರುತ್ತಿದ್ದರು. ಬಿಳಿ ಧೋತರ, ತಲೆಗೆ ಗಾಂಧಿ ಟೋಪಿ. ಆ ಗದ್ದಲದಲ್ಲೂ ಒಂದು ಕುರ್ಚಿ ಹಾಕಿಕೊಂಡು ಆರಾಮಾಗಿ ಕೂತಿರುತ್ತಿದ್ದರು. ನಾವು ಎದುರಾದರೆ ತಲೆ ಅಲ್ಲಾಡಿಸುತ್ತಿದ್ದರು, ಅಷ್ಟೇ.

ಕೊನೆಯ ಸುತ್ತಿಗೆ ಬರುವಾಗ ಲೆಕ್ಕ ಸರಳವಾಗಿತ್ತು. ಭಾನುವಾರದ ರೇಸಿನಲ್ಲಿ ಇವರಿಬ್ಬರಲ್ಲಿ ಯಾರು ಮುಂದೆ ಬರುತ್ತಾರೋ ಅವರೇ ವರ್ಷದ ಚಾಂಪಿಯನ್.

ಶನಿವಾರ ಮಧ್ಯಾಹ್ನ ಅಭ್ಯಾಸ ನಡೆದಿತ್ತು. ಪಲ್ಲವಿಯ ಮುಂದಿದ್ದ ಹುಡುಗನೊಬ್ಬನ ಕಾರು ತಿರುವಿನಲ್ಲಿ ಗಿರಕಿ ಹೊಡೆಯಿತು. ಇವಳ ಮುಂಗಾಲಿ ಅವನ ಹಿಂಗಾಲಿಯನ್ನು ಹತ್ತಿತು. ಕಾರು ಗಾಳಿಯಲ್ಲಿ ಎದ್ದು, ಟೈರುಗಳ ಗೋಡೆಗೆ ಬಡಿದು ಮಗುಚಿತು. ನಾನು ಬೇಲಿಯ ಈಚೆ ನಿಂತಿದ್ದೆ. ಜನ ಓಡಿಹೋಗಿ ಕಾರು ಎತ್ತಿದರು. ಆಮೇಲೆ ಅವಳು ತಾನೇ ಎದ್ದು ನಿಂತು ನಮ್ಮ ಕಡೆ ಕೈ ಎತ್ತಿದಳು.

ಡಾಕ್ಟರು ಎಲ್ಲಾ ಪರೀಕ್ಷೆ ಮಾಡಿದರು. ಭುಜಕ್ಕೆ ತರಚಿದ ಗಾಯ ಬಿಟ್ಟರೆ ಏನೂ ಆಗಿರಲಿಲ್ಲ. “ಮುಂಜಾನೆ ಇನ್ನೊಮ್ಮೆ ನೋಡುತ್ತೇನೆ. ಸರಿ ಇದ್ದರೆ ಓಡಿಸಬಹುದು” ಅಂದರು. ಮೆಕ್ಯಾನಿಕ್ಕುಗಳು ಕಾರನ್ನು ಬೆಳಗಾಗುವುದರಲ್ಲಿ ಸರಿ ಮಾಡಿಕೊಡುತ್ತೇವೆ ಅಂದರು. ಆದರೆ ಸಾಮಾನು ತಪಾಸಣೆಯ ಅಧಿಕಾರಿ ಅವಳ ಹೆಲ್ಮೆಟ್ಟನ್ನು ಬೆಳಕಿಗೆ ಹಿಡಿದು ನೋಡಿ ಬದಿಗಿಟ್ಟುಬಿಟ್ಟರು. ಪೆಟ್ಟು ಬಿದ್ದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಬಿರುಕು ಬಿಟ್ಟಿರಬಹುದು, ಅದನ್ನು ಮತ್ತೆ ಹಾಕಲು ಬಿಡುವುದಿಲ್ಲ ಎಂದರು. ಅವರು ಹೇಳಿದ್ದು ಸರಿಯೇ ಇತ್ತು. ಆದರೆ ಅಂಥ ರೇಸಿನ ಹೆಲ್ಮೆಟ್ ಅಂಗಡಿಯಲ್ಲಿ ಹೋಗಿ ತರುವಂಥದ್ದಲ್ಲ. ನಮ್ಮವರು ಕೊಲ್ಹಾಪುರಕ್ಕೆ, ಬೆಂಗಳೂರಿಗೆ ಫೋನ್ ಮಾಡಿದರು. ಬೆಂಗಳೂರಿನಲ್ಲಿ ಅವಳ ಅಳತೆಯದು ಇರಲಿಲ್ಲ, ಕೊಲ್ಹಾಪುರದಿಂದ ಕಳಿಸಿದರೆ ಬೆಳಗಿನೊಳಗೆ ಮುಟ್ಟುವಂತಿರಲಿಲ್ಲ. ಬೇರೆ ಹುಡುಗರನ್ನು ಕೇಳಿದೆವು. ಹೆಚ್ಚಿನವರ ಬಳಿ ಒಂದೇ ಇತ್ತು. ಇನ್ನೊಂದು ಇದ್ದವರದು ಇವಳ ತಲೆಗೆ ದೊಡ್ಡದು. ಸಡಿಲ ಹೆಲ್ಮೆಟ್ಟಿಗೂ ಒಪ್ಪಿಗೆ ಇರಲಿಲ್ಲ.

ಸನ್ಮತಿಯನ್ನು ಮಾತ್ರ ನಾವು ಕೇಳಲಿಲ್ಲ. ಯಾವ ಬಾಯಿಂದ ಕೇಳುವುದು? ಪಲ್ಲವಿ ಓಡಿಸದಿದ್ದರೆ ಅವನು ಆಗಲೇ ಚಾಂಪಿಯನ್. “ಬಿಡ, ಮುಂದಿನ ವರ್ಷ ಐತೆಲ್ಲ” ಎಂದು ನಮ್ಮವರು ಮಗಳಿಗೆ ಹೇಳಿದರು. ಅವಳು ರೊಟ್ಟಿ, ಶೇಂಗಾ ಚಟ್ನಿ ಮುಂದಿಟ್ಟರೂ ಮುಟ್ಟಲಿಲ್ಲ.

ಭಾನುವಾರ ಬೆಳಿಗ್ಗೆ ಡಾಕ್ಟರು ನೋಡಿ ಒಪ್ಪಿಗೆ ಕೊಟ್ಟರು. ಹೊರಗೆ ಬಂದು, ಒಪ್ಪಿಗೆ ಸಿಕ್ಕರೂ ಏನು ಮಾಡುವುದು ಎಂದು ನಾವು ಕಾರು ನಿಲ್ಲಿಸಿದ್ದ ಡೇರೆಯ ಮುಂದೆ ನಿಂತಿದ್ದೆವು. ಆಗ ನೇಮಣ್ಣ ಅಜ್ಜ, ಅವರ ಹಿಂದೆ ಸನ್ಮತಿ ನಮ್ಮ ಡೇರೆಯ ಕಡೆ ಬಂದರು. ಸನ್ಮತಿಯ ಕೈಯಲ್ಲಿ ಬಿಳಿ ಬಣ್ಣದ ಹೆಲ್ಮೆಟ್ ಇತ್ತು.

“ಇದು ನಾ ಅಭ್ಯಾಸಕ್ಕ ಹಾಕೂದ್ರಿ ಕಾಕಾ” ಎಂದು ಅವನು ನಮ್ಮವರಿಗೆ ಹೇಳಿದ. “ರಾತ್ರಿ ರೂಮಿಗೆ ಹೋದಮ್ಯಾಲೆ ನನಗ ಗೊತ್ತಾತು, ಪಲ್ಲವಿ ಹೆಲ್ಮೆಟ್ ಅಧಿಕಾರಿ ಬ್ಯಾಡಂದಾರಂತ. ಇದು ಆಕಿಗೆ ತುಸು ಸಡಿಲ ಆಗಬಹುದು. ಗಲ್ಲದ ಕಡೆ ಹಾಕೂ ದಪ್ಪ ಮೆತ್ತಿನೂ ತಂದೇನಿ. ಹಾಕಿ ನೋಡ್ರಿ.”

ನಮ್ಮ ಯಜಮಾನರು ಕೈ ಚಾಚಲಿಲ್ಲ. “ತಮ್ಮಾ, ಆಕಿ ಓಡಸಲಿಲ್ಲಂದ್ರ ಕಪ್ಪು ನಿಂದ. ಗೊತ್ತೈತಿಲ್ಲೋ ನಿನಗ?” ಅಂದರು.

“ಗೊತ್ತೈತ್ರಿ.”

“ನಿಮ್ಮ ಅಪ್ಪಗ ಗೊತ್ತೈತಿ?”

ಅದಕ್ಕೆ ಅಜ್ಜ ಉತ್ತರ ಕೊಟ್ಟರು. “ಅಂವಗ ಮುಂಜಾನೆ ಫೋನ್ ಮಾಡಿ ನಾನ ಹೇಳೇನ್ರಿ. ಮೊದಲ ಸಿಟ್ಟಾದ. ಆಮ್ಯಾಲೆ ಸುಮ್ಮನಾದ. ನೋಡ್ರಿ, ಇಡೀ ವರ್ಷ ಈ ಹುಡುಗ ಮನಿಯಾಗ ನಿಮ್ಮ ಮಗಳ ಹೆಸರ ತಗೋತಾನ. ಆಕಿ ಆ ತಿರುವಿನ್ಯಾಗ ಹಿಂಗ ಬರ್ತಾಳ, ಈ ತಿರುವಿನ್ಯಾಗ ಹಂಗ ಬರ್ತಾಳ ಅಂತ. ಆಕಿನ್ನ ಬಿಟ್ಟು ಗೆದ್ದು ಊರಿಗೆ ಹೋದ್ರ ಇಂವಗ ನಿದ್ದಿ ಬರೂದಿಲ್ಲ.”

ಪಲ್ಲವಿ ಮುಂದೆ ಬಂದು ಹೆಲ್ಮೆಟ್ ತೆಗೆದುಕೊಂಡಳು. ಸನ್ಮತಿ ಮೊಣಕಾಲೂರಿ ಕೂತು ಹಳೆಯ ಮೆತ್ತೆ ಕಿತ್ತು ದಪ್ಪದ್ದನ್ನು ಸಿಕ್ಕಿಸಿದ. ಅವಳು ಹಾಕಿಕೊಂಡು ತಲೆ ಅಲ್ಲಾಡಿಸಿ ನೋಡಿದಳು. ಗಟ್ಟಿಯಾಗಿ ಕೂತಿತ್ತು.

“ನಿನ್ನನ್ನ ಹಿಂದ ಹಾಕ್ತೀನಿ, ನೋಡ್ತಿರು” ಅಂದಳು.

“ಹಾಕು, ಬಾ” ಅಂದ ಅವನು. ಇಬ್ಬರೂ ನಕ್ಕರು. ತಪಾಸಣೆಯ ಅಧಿಕಾರಿ ಹೆಲ್ಮೆಟ್ಟನ್ನು ಒಳಗೆ ಹೊರಗೆ ನೋಡಿ ಒಪ್ಪಿದರು.

ಯಾರು ಎಲ್ಲಿಂದ ಹೊರಡಬೇಕು ಎಂದು ತೀರ್ಮಾನಿಸುವ ಓಟದಲ್ಲಿ ಸನ್ಮತಿ ಮೊದಲನೆಯವನಾದ, ಪಲ್ಲವಿ ಮೂರನೆಯವಳು. ಮಧ್ಯಾಹ್ನ ರೇಸ್ ಶುರುವಾಯಿತು. ಕೆಂಪು ದೀಪಗಳು ಆರಿದ್ದೇ ತಡ, ಎಲ್ಲಾ ಕಾರುಗಳೂ ಒಟ್ಟಿಗೆ ಜೇನುಗೂಡಿಗೆ ಕಲ್ಲು ಬಿದ್ದ ಹಾಗೆ ಎದ್ದವು. ನಾನು ಬೇಲಿಗೆ ಆತುಕೊಂಡಿದ್ದೆ. ಹಿಂದಿನ ದಿನದ್ದು ಕಣ್ಣ ಮುಂದೆ ಬಂದು ರೆಪ್ಪೆ ತಾನಾಗಿ ಮುಚ್ಚುತ್ತಿತ್ತು. ಯಾವಾಗ ಬಂದರೋ, ಅಜ್ಜ ನನ್ನ ಪಕ್ಕದಲ್ಲಿ ನಿಂತಿದ್ದರು.

“ಕಣ್ಣ ತೆಗೀರಿ ಅಕ್ಕೋರ” ಅಂದರು. “ಇಷ್ಟು ದೂರ ಬಂದೀವಿ, ಹುಡುಗೂರ್ನ ನೋಡೂನು.”

ಪಲ್ಲವಿ ಬೇಗನೆ ಎರಡನೆಯವಳಾದಳು. ಆಮೇಲೆ ಇಬ್ಬರದೇ ಓಟ. ಉದ್ದನೆಯ ನೇರ ದಾರಿಯಲ್ಲಿ ಇವಳು ಅವನ ಬೆನ್ನಿಗೆ ಅಂಟಿಕೊಂಡು ಬರುವುದು, ತಿರುವಿನಲ್ಲಿ ಅವನು ಮತ್ತೆ ಮುಂದೆ ಜಿಗಿಯುವುದು. ಒಮ್ಮೆ ದಾಟಿದಳು, ಅವನು ಮರಳಿ ದಾಟಿದ. ಟ್ರ್ಯಾಕನ್ನು ಕೊನೆಯ ಬಾರಿ ಸುತ್ತುವಾಗ ಒಂದು ಎಡ ತಿರುವಿಗೆ ಇಬ್ಬರೂ ಅಕ್ಕಪಕ್ಕ ಬಂದರು. ಗಾಲಿಗೆ ಗಾಲಿ ತಾಗುವಷ್ಟು ಹತ್ತಿರ. ಪಲ್ಲವಿ ಒಳಗಡೆ ಇದ್ದಳು. ಅವನು ಸ್ವಲ್ಪ ಒಳಕ್ಕೆ ಒತ್ತಿದ್ದರೆ ಇವಳು ಬ್ರೇಕ್ ಹಾಕಲೇಬೇಕಿತ್ತು, ಇಲ್ಲವೆಂದರೆ ಇಬ್ಬರೂ ಹೊರಗೆ ಬೀಳಬೇಕಿತ್ತು. ಇಬ್ಬರೂ ಬಿದ್ದರೆ ಅಂಕದಲ್ಲಿ ಮುಂದಿದ್ದ ಅವನಿಗೇ ಕಪ್ಪು. ಅವನು ಒತ್ತಲಿಲ್ಲ. ಸರಿಯಾಗಿ ಒಂದು ಕಾರಿನ ಜಾಗ ಬಿಟ್ಟು ತನ್ನ ದಾರಿ ಹಿಡಿದ. ಆ ಜಾಗದಲ್ಲಿ ಪಲ್ಲವಿ ನುಗ್ಗಿದಳು. ಗೆರೆ ದಾಟುವಾಗ ಅವಳ ಕಾರಿನ ಮೂತಿ ಮಾತ್ರ ಮುಂದಿತ್ತು.

ನಮ್ಮವರು ಬೇಲಿಯ ಆ ತುದಿಯಿಂದ ಓಡಿ ಬಂದರು. ಅವರ ಕಣ್ಣಲ್ಲಿ ನೀರು. ನನಗೆ ಸಂತೋಷಪಡಬೇಕೋ ಬೇಡವೋ ತಿಳಿಯಲಿಲ್ಲ, ಯಾಕೆಂದರೆ ಪಕ್ಕದಲ್ಲೇ ಅಜ್ಜ ಇದ್ದರು. ಅವರು ಟೋಪಿ ತೆಗೆದು ಬೆವರು ಒರೆಸಿಕೊಂಡು, “ಚಲೋ ಓಡಿಸಿದ್ಲು. ಭಾಳ ಚಲೋ ಓಡಿಸಿದ್ಲು” ಎಂದು ನನ್ನ ಯಜಮಾನರ ಕೈ ಹಿಡಿದುಕೊಂಡರು. ನಮ್ಮವರು ಬಗ್ಗಿ ಅವರ ಕಾಲು ಮುಟ್ಟಿದರು.

ವೇದಿಕೆಯ ಮೇಲೆ ಸನ್ಮತಿ ನಗುತ್ತಲೇ ನಿಂತಿದ್ದ. ಪಲ್ಲವಿಯ ಕೈ ಎತ್ತಿ ಹಿಡಿದು ಫೋಟೋ ತೆಗೆಸಿಕೊಂಡ. “ಹೆಲ್ಮೆಟ್ ನಂದಿತ್ತು, ಅದಕ್ಕ ಗೆದ್ದಾಳ” ಎಂದು ಎಲ್ಲರನ್ನೂ ನಗಿಸಿದ. ಇವನಿಗೆ ಸೋಲು ಏನೂ ಅನ್ನಿಸಿಲ್ಲವೇನೋ ಅಂದುಕೊಂಡೆ.

ಸ್ವಲ್ಪ ಹೊತ್ತಿನ ಮೇಲೆ ಅಜ್ಜನಿಗೂ ಸನ್ಮತಿಗೂ ಚಹಾ ಕೊಡೋಣವೆಂದು ಹುಡುಕಿಕೊಂಡು ಹೋದೆ. ಡೇರೆಗಳ ಹಿಂದೆ ಹಳೆಯ ಟೈರುಗಳನ್ನು ಒಟ್ಟಿದ್ದರು. ಅವುಗಳ ಮೇಲೆ ಸನ್ಮತಿ ಕೂತಿದ್ದ. ಮುಖ ಎರಡೂ ಕೈಯಲ್ಲಿ ಮುಚ್ಚಿಕೊಂಡು, ಭುಜ ಅಲ್ಲಾಡುವ ಹಾಗೆ ಅಳುತ್ತಿದ್ದ. ಅಜ್ಜ ಪಕ್ಕದಲ್ಲಿ ನಿಂತು ಅವನ ಬೆನ್ನ ಮೇಲೆ ಕೈ ಇಟ್ಟಿದ್ದರು. ನಾನು ಚಹಾದ ಲೋಟ ಹಿಡಿದುಕೊಂಡೇ ಸದ್ದಾಗದಂತೆ ಹಿಂದಕ್ಕೆ ಬಂದೆ.

ಆ ಹುಡುಗನನ್ನು ಅಲ್ಲಿಯವರೆಗೆ ಒಳ್ಳೆಯವನು ಅಂದುಕೊಂಡಿದ್ದೆ. ಆ ಟೈರುಗಳ ಮೇಲೆ ನೋಡಿದ ಮೇಲೆ ಅವನು ಎಷ್ಟು ದೊಡ್ಡವನು ಎಂದು ಅರ್ಥವಾಯಿತು. ಅವನಿಗೆ ಆ ಕಪ್ಪು ಬೇಡವಾಗಿರಲಿಲ್ಲ. ನನ್ನ ಮಗಳಿಗೆ ಎಷ್ಟು ಬೇಕಿತ್ತೋ ಅವನಿಗೂ ಅಷ್ಟೇ ಬೇಕಿತ್ತು. ಕೈತಪ್ಪಿದರೆ ಹೀಗೆ ಅಳಬೇಕಾಗುತ್ತದೆ ಎಂದು ಬೆಳಿಗ್ಗೆ ನಮ್ಮ ಡೇರೆಗೆ ಬರುವಾಗಲೂ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಬಂದಿದ್ದ.

ಶಾಲೆಯಲ್ಲಿ ಮಕ್ಕಳಿಗೆ ಒಳ್ಳೆಯತನದ ಪಾಠ ಎಷ್ಟೋ ವರ್ಷದಿಂದ ಹೇಳುತ್ತಿದ್ದೇನೆ. ಅದು ಹೇಗಿರುತ್ತದೆ ಎಂದು ಕಣ್ಣಾರೆ ಕಂಡದ್ದು ಅವತ್ತು, ಹದಿಹರೆಯದ ಒಬ್ಬ ಹುಡುಗನಲ್ಲಿ.

ಈ ವರ್ಷವೂ ಇಬ್ಬರೂ ರೇಸಿನಲ್ಲಿದ್ದಾರೆ. ಈಗಲೂ ತಿರುವು ಮುಗಿದು ಕಾರುಗಳು ನೇರ ದಾರಿಗೆ ಬರುವಾಗ ನನ್ನ ಎದೆ ಹೊಡೆದುಕೊಳ್ಳುತ್ತದೆ. ಮೊದಲು ಮಗಳ ಕಾರು ಒಂದು ಕಂಡರೆ ಸಾಕಿತ್ತು. ಈಗ ಎರಡೂ ಕಾಣುವವರೆಗೆ ಉಸಿರು ಬಿಡುವುದಿಲ್ಲ.