ಮಣ್ಣಿಗೆ ಹಾಕಿಸಿದ ಟೈರು

ಚಿಕ್ಕರಸಿನಕೆರೆಯ ಅಂಕಯ್ಯನದು ನಾಲ್ಕೂ ಚಕ್ರ ಎಳೆಯುವ ಜೀಪು. ಆ ಎಳೆತ ಆತನ ಬಾಯಲ್ಲಿ ಓಡಿದಷ್ಟು ಕೆಸರಿನಲ್ಲಿ ಓಡಿದ್ದಿಲ್ಲ. ಬಂಡೂರಿನಿಂದ ಕುರಿ ತುಂಬಿಕೊಂಡು ಸಂತೆಗೆ ಹೋಗುವುದು, ನೆಂಟರನ್ನು ಬಸ್‌ಸ್ಟ್ಯಾಂಡಿಗೆ ಬಿಟ್ಟು ಬರುವುದು, ಇಷ್ಟೇ ಅದರ ಬಾಳು. ಟೈರು ಬೋಳು ತಲೆಯಂತೆ ಸವೆದಿದ್ದರೂ ಟಾರು ರಸ್ತೆಗೆ ಇಷ್ಟು ಸಾಕೆಂದು ಜಂಬ ಕೊಚ್ಚುತ್ತಿದ್ದ.

ಹೋದ ಮಳೆಗಾಲದಲ್ಲಿ ತಂಗಿ ಬೆಳ್ಳಮ್ಮನ ಗಂಡ ತೀರಿಕೊಂಡ. ಆಕೆಯದು ಮಳವಳ್ಳಿಯ ಆಚೆ, ಕಾಡಂಚಿನ ಊರು. ಗಂಡ ಸತ್ತವಳಿಗೆ ತವರಿನ ಸೀರೆ ಬರಬೇಕು, ಆಮೇಲೆಯೇ ಹೆಣ ಎತ್ತುವುದು. ಅಂಕಯ್ಯ ಸೀರೆ ಹಿಡಿದು ಹೊರಟ. ಮಣ್ಣು ರಸ್ತೆಯ ನಟ್ಟನಡುವೆ ಜೀಪು ಹೂತುಕೊಂಡಿತು. ನಾಲ್ಕೂ ಚಕ್ರ ತಿರುಗಿದವು, ತಿರುಗಿದಲ್ಲೇ ತಿರುಗಿದವು. ಕೊನೆಗೆ ಕೆಸರು ತುಳಿದುಕೊಂಡು ನಡೆದೇ ಹೋದ. ಅಷ್ಟರಲ್ಲಿ ಕಾದು ಕಾದು ಸಾಕಾಗಿ, ಪಕ್ಕದ ಮನೆಯವರ ಸೀರೆಯನ್ನೇ ಆಕೆಗೆ ಹೊದಿಸಿ ಎಲ್ಲ ಮುಗಿಸಿದ್ದರು.

"ಮಣ್ಣಿಗೂ ಬರ್ಲಿಲ್ವಲ್ಲಣ್ಣ," ಎಂದಳು ಬೆಳ್ಳಮ್ಮ. ಆಮೇಲೆ ಆತನ ಫೋನು ಎತ್ತಲಿಲ್ಲ.

ಅಪ್ಪ ಅವ್ವ ಇಲ್ಲದ ಮನೆಯಲ್ಲಿ ಆಕೆಯನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು ಅವನು. ಈ ಸಲ ಯುಗಾದಿಗೆ ಬೆಳ್ಳಮ್ಮ ಬರಲಿಲ್ಲ, ಆಕೆಯ ಪಾಲಿನ ಒಬ್ಬಟ್ಟು ಹಾಗೇ ಉಳಿಯಿತು. ಸಂತೆಯಲ್ಲಿ ಯಾವ ಹೆಣ್ಣು ಯಾರನ್ನು "ಅಣ್ಣಾ" ಎಂದು ಕರೆದರೂ ತಿರುಗಿ ನೋಡುತ್ತಿದ್ದ. ತಂಗಿಯನ್ನು ನೋಡಬೇಕೆಂದು ಜೀವ ಹಪಹಪಿಸುತ್ತಿತ್ತು, ಹೋಗಲು ಮುಖವಿರಲಿಲ್ಲ.

ಮುಂಗಾರಿನ ಮೊದಲ ಮಳೆ ಬಿದ್ದ ಮಾರನೆಯ ದಿನ ಮದ್ದೂರಿನ ಟೈರಂಗಡಿಗೆ ಹೋದ. ಅಂಗಡಿಯ ರಘುನಂದನ್ ಕೇಳಿದ್ದು ಒಂದೇ ಮಾತು.

"ಮಣ್ಣಿಗೋ ರೋಡಿಗೋ, ಯಜಮಾನ್ರೇ?"

ಪಾಪ, ಅವನು ಕೇಳಿದ್ದು ಕೆಸರು ದಾರಿಯ ಮಾತು. ಆದರೆ ನಮ್ಮ ಕಡೆ ಮಣ್ಣಿಗೆ ಹೋಗುವುದೆಂದರೆ ಸತ್ತವರನ್ನು ಮಣ್ಣು ಮಾಡಲು ಹೋಗುವುದು. ಅಂಕಯ್ಯನಿಗೆ ಕೇಳಿಸಿದ್ದು ಬೆಳ್ಳಮ್ಮನ ಮಾತು. ರಘುನಂದನ್ ಮೂರು ಬಗೆಯವನ್ನು ಉರುಳಿಸಿ ತೋರಿಸಿದ. ಒಂದು ಬರೀ ಟಾರಿಗೆ, ಒಂದು ಎರಡಕ್ಕೂ, ಮೂರನೆಯದು ಮುಷ್ಟಿ ಗಾತ್ರದ ರಬ್ಬರಿನ ಗಟ್ಟಿಗಳಿದ್ದು ಸಂದಿನಲ್ಲಿ ಸಿಕ್ಕಿದ ಕೆಸರನ್ನು ತಾನೇ ಉಗಿಯುವಂಥದ್ದು. ಮೂರನೆಯದು ಟಾರಿನ ಮೇಲೆ ಅರಚುತ್ತದೆ, ಬೇಗ ಸವೆಯುತ್ತದೆ, ಡೀಸೆಲ್ಲು ಕುಡಿಯುತ್ತದೆ, ನಿಮ್ಮ ಓಡಾಟಕ್ಕೆ ಎರಡನೆಯದೇ ಸರಿ ಎಂದ. ಹೇಳಿದ್ದರಲ್ಲಿ ಒಂದೂ ಸುಳ್ಳಿಲ್ಲ. ಅಂಕಯ್ಯ ಮೂರನೆಯದರ ಸಂದಿಗೆ ಬೆರಳಿಟ್ಟು ನೋಡಿದ, ಬೆರಳು ಪೂರಾ ಇಳಿಯಿತು.

"ಮಣ್ಣಿಗೇ ಆಕ್ಬುಡಪ್ಪ," ಎಂದ.

ಜೀಪು ಹಿಟ್ಟಿನ ಗಿರಣಿಯಂತೆ ಅರಚುತ್ತಾ ಮಳವಳ್ಳಿ ದಾಟಿತು. ಕಾಡಂಚಿಗೆ ಬಂದರೆ ಕೆಸರೆಲ್ಲಿ? ತಂಗಿಯ ಮನೆ ಬಾಗಿಲವರೆಗೂ ಹೊಸ ಕಾಂಕ್ರೀಟು ಪಳಪಳ ಹೊಳೆಯುತ್ತಿತ್ತು. ರಸ್ತೆ ಮಾಡಿಸಿದವರಿಗೆ ಅಂಕಯ್ಯ ಮನಸ್ಸಿನಲ್ಲೇ ಶಾಪ ಹಾಕಿದ. ಇಂಥ ಮನುಷ್ಯ ಮಂಡ್ಯ ಜಿಲ್ಲೆಯಲ್ಲೇ ಇವನೊಬ್ಬನಿರಬೇಕು.

ಜಗಲಿಯ ಮೇಲಿದ್ದ ಬೆಳ್ಳಮ್ಮ ಏಳಲಿಲ್ಲ.

"ರೋಡಾದ್ಮೇಲೆ ಎಲ್ಲಾರೂ ಬತ್ತಾರೆ ಬುಡು," ಎಂದಳು.

ಅಂಕಯ್ಯ ಜಗಲಿಯ ಇನ್ನೊಂದು ತುದಿಯಲ್ಲಿ ಕೂತ. ಆಕೆ ಸೊರಗಿದ್ದಳು, ಮಂಡಿ ಊದಿತ್ತು. ಆಮೇಲೆ ಬೆಳ್ಳಮ್ಮ ಕಾಲುವೆಯಾಚೆಯ ಹೊಲದ ಮಾತೆತ್ತಿದಳು. ಗಂಡನನ್ನು ಮಣ್ಣು ಮಾಡಿದ್ದು ಅಲ್ಲಿ. ಕಾಂಕ್ರೀಟು ಅತ್ತ ಹೋಗಿಲ್ಲ, ಬಂಡಿ ಜಾಡೆಲ್ಲ ಕೆಸರು. ಈ ಮಂಡಿ ಕಟ್ಟಿಕೊಂಡು ತಿಂಗಳುಗಟ್ಟಲೆ ಆಯಿತು ಅತ್ತ ಹೋಗಿ, ನೋಡಬೇಕು ಅನ್ನಿಸಿದಾಗೆಲ್ಲ ಹಿತ್ತಿಲ ಬೇಲಿವರೆಗೆ ಹೋಗಿ ನಿಂತು ಬರುತ್ತಾಳಂತೆ. ಹೇಳುತ್ತಾ ಟೈರುಗಳನ್ನು ನೋಡಿದಳು.

"ಅವ್ರ್ ತಾವ ಕರ್ಕೊಂಡ್ ಓಯ್ತೀಯಾ?"

ಕಾಲುವೆಯ ಬಳಿ ಜೀಪು ಒಮ್ಮೆ ಜಾರಿತು, ಮುಳುಗಿತು, ಮತ್ತೆ ಕಚ್ಚಿ ಹಿಡಿದು ಮೇಲೆ ಬಂತು. ಬೆಳ್ಳಮ್ಮ ಅಣ್ಣನ ಹೆಗಲು ಹಿಡಿದು ಇಳಿದಳು. ಗಂಡನನ್ನು ಹೂತ ಗುಡ್ಡೆಯ ಮೇಲೆ ಬೆಳೆದಿದ್ದ ಹುಲ್ಲು ಕಿತ್ತಳು. ಅಂಕಯ್ಯನೂ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಕಿತ್ತ. ಆಕೆ ಅವನತ್ತ ನೋಡಲಿಲ್ಲ, ಮಣ್ಣಿನ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದಳು:

"ನೋಡಿ, ನಮ್ಮಣ್ಣ ಬಂದವ್ನೆ."