ನಾನು ತುಂಬಿದ ಫಾರ್ಮು

ಮೊನ್ನೆ ಗರಾಜಿನಲ್ಲಿ ಹಳೆಯ ಡಬ್ಬ ತೆರೆದಾಗ ತೆಂಗಿನೆಣ್ಣೆಯ ವಾಸನೆ ಬಂತು. ಒಳಗೆ ಕಪ್ಪು ರಬ್ಬರಿನ ಟೋಪಿ, ತಣ್ಣನೆಯ ಕಡಲಿಗೆ ಇಳಿಯುವವರು ಹಾಕಿಕೊಳ್ಳುವಂಥದ್ದು. ಪಕ್ಕದ ಮನೆಯ ದೊಡ್ಡಮ್ಮನದು. ಮತ್ತೆ ಕೋಪ ನೆತ್ತಿಗೇರಿತು.

ಈ ಪರದೇಶದ ಸ್ಯಾನ್ ರಮೋನಿನಲ್ಲಿ ನಮ್ಮ ಗೋಡೆಗೆ ತಾಗಿದ ಮನೆ ಅವರದು. ಉಡುಪಿ ಕಡೆಯವರು. ಮನೆಯಲ್ಲೇ ಡೇಕೇರ್ ನಡೆಸುತ್ತ ನನ್ನ ಇಬ್ಬರು ಮಕ್ಕಳನ್ನೂ ಬೆಳೆಸಿಕೊಟ್ಟವರು. ಡೇಕೇರ್ ಮುಚ್ಚಿದ ವರ್ಷ ನನ್ನ ಬಳಿ ಕೇಳಿದ್ದು ಒಂದೇ, ಇಲ್ಲಿಯ ಕಡಲಿನೊಳಗೆ ಒಮ್ಮೆ ಮುಖವಿಟ್ಟು ನೋಡಬೇಕು.

ಮಾಸ್ಕು ತೊಡಿಸಿ ಕಡಲಿನೊಳಗನ್ನು ತೋರಿಸುವ ಟೂರು ಆರಿಸಿದ್ದು ನಾನೇ. ಜೊತೆಗೆ ಗೈಡ್ ಇರಬೇಕು, ಚಳಿ ತಡೆಯುವ ದಪ್ಪ ವೆಟ್‌ಸೂಟು ಕೊಡಬೇಕು, ಗುಂಪು ಚಿಕ್ಕದಿರಬೇಕು... ವಾರಗಟ್ಟಲೆ ಹುಡುಕಿದೆ. ದೊಡ್ಡಮ್ಮ ತಿಂಗಳಿಡೀ ತಣ್ಣೀರಿನಲ್ಲೇ ಸ್ನಾನ ಮಾಡಿದರು. ಟೋಪಿ, ಮಾಸ್ಕು ಹಾಕಿಕೊಂಡೇ ಸಾರು ಕುದಿಸುತ್ತ, ಬಾಯಲ್ಲಿ ಉಸಿರಾಡುವುದನ್ನು ಅಭ್ಯಾಸ ಮಾಡಿದರು.

ಆ ಬೆಳಿಗ್ಗೆ ತಲೆಗೆ ಎಣ್ಣೆ ತಟ್ಟಿಕೊಂಡು ಬಂದರು. ಕಡಲಿಗಿಳಿಯುವ ಮುಂಚೆ ಅದು ಅವರ ಮನೆಯ ರೂಢಿಯಂತೆ. ಎಳೆದಾಡಿ ವೆಟ್‌ಸೂಟು ತೊಡಿಸಿದ್ದಾಯಿತು. ಅಷ್ಟರಲ್ಲಿ ಗೈಡ್ ನಮ್ಮ ಬುಕಿಂಗ್ ಫಾರ್ಮು ನೋಡಿ ಅಡ್ಡಡ್ಡ ತಲೆಯಾಡಿಸಿದ. ಈಜು ಬಾರದವರನ್ನು ನೀರಿಗಿಳಿಸುವುದಿಲ್ಲವಂತೆ! ನಾನು ಹರಿಹಾಯ್ದೆ. ವಯಸ್ಸು ನೋಡಿ ಹೇಳುತ್ತೀಯಾ, ಬಣ್ಣ ನೋಡಿ ಹೇಳುತ್ತೀಯಾ ಎಂದು ಕೇಳಬಾರದ್ದೆಲ್ಲ ಕೇಳಿದೆ. ಆತ ಫಾರ್ಮನ್ನು ನನ್ನ ಕಡೆ ತಿರುಗಿಸಿದ. ಈಜು ಬರುತ್ತದೆಯೇ ಎಂಬಲ್ಲಿ 'ಇಲ್ಲ' ಎಂದು ಗುರುತು ಹಾಕಿತ್ತು. ಹಾಕಿದವಳು ನಾನು. ಸೀರೆಯುಟ್ಟು ಮಕ್ಕಳಿಗೆ ಗಂಜಿ ಉಣಿಸುವ ಹೆಂಗಸಿಗೆ ಈಜು ಎಲ್ಲಿಂದ ಬರಬೇಕು ಎಂದುಕೊಂಡವಳೂ ನಾನೇ.

“ನನ್ನತ್ರ ಒಂದು ಮಾತು ಕೇಳ್ಬಾರ್ದಿತ್ತಾ ಮಾರಾಯ್ತಿ? ನಡೆಯುದಕ್ಕಿಂತ ಮೊದ್ಲು ಈಜು ಕಲ್ತವಳು ನಾನು” ಎಂದರು ದೊಡ್ಡಮ್ಮ.

ಗೋಗರೆದೆ. ಕಳಿಸಿದ ಫಾರ್ಮನ್ನು ದಡದಲ್ಲಿ ಬದಲಿಸುವಂತಿಲ್ಲವಂತೆ. ಉಳಿದವರು ನೀರಿಗಿಳಿದರು. ದೊಡ್ಡಮ್ಮ ಎರಡು ಗಂಟೆ ಮರಳಿನ ಮೇಲೆ ಕೂತರು, ಟೋಪಿ ತೆಗೆಯಲೇ ಇಲ್ಲ. ಮನೆ ಮುಟ್ಟಿದಾಗ ಅದನ್ನು ನನ್ನ ಕಾರಿನಲ್ಲೇ ಬಿಟ್ಟು ಇಳಿದರು.

ಬರುವ ಬೇಸಿಗೆಗೆ ಹೋಗೋಣ ಎಂದಿದ್ದೆ. ಬೇಸಿಗೆಗೂ ಮೊದಲು ದೊಡ್ಡಮ್ಮನಿಗೆ ಕಾಯಿಲೆ ಬಂತು, ಮತ್ತೆ ಏಳಲಿಲ್ಲ...

ಗೈಡ್‌ನ ಮೇಲೆ ಈಗ ಕೋಪವಿಲ್ಲ. ಅಷ್ಟು ವರ್ಷ ಅವರ ಕೈಯ ಕಾಫಿ ಕುಡಿದೂ ಒಂದು ಪ್ರಶ್ನೆ ಕೇಳದ ನನ್ನ ಮೇಲಿದೆ, ಆರದೆ ಇದೆ. ಟೋಪಿಯನ್ನು ತೊಳೆಯದೆ ಮತ್ತೆ ಡಬ್ಬಕ್ಕೆ ಹಾಕಿದೆ. ಆ ಫಾರ್ಮು ನನ್ನ ಇಮೇಲ್‌ನಲ್ಲಿ ಇನ್ನೂ ಇದೆ. ದೊಡ್ಡಮ್ಮನಿಗೆ ಈಜು ಬರುವುದಿಲ್ಲ ಎಂದೇ ಅದರಲ್ಲಿದೆ.